ಮೋಡೆಮ್‌ಗೂ ಬೇಕು ನೆರಳು, ಗಾಳಿ

ಮನೆಬಳಕೆಯ ವೈರ್‌ಲೆಸ್ ರೌಟರ್ ಕೊಂಡಾಗ ಜೊತೆಗೆ ಬರುವ ವಿವರಣಾ ಪತ್ರವನ್ನು ಕೊನೆಯವರೆಗೆ ಓದುವವರು ಕಡಿಮೆ. ಓದಿದರೆ ಅಲ್ಲೊಂದು ಸಾಲು ಸಿಗುತ್ತದೆ: ಕೆಲಸ ಮಾಡುವ ತಾಪಮಾನ 0ರಿಂದ 40 ಡಿಗ್ರಿ ಸೆಲ್ಸಿಯಸ್. ಟಿಪಿ-ಲಿಂಕ್‌ನಂಥ ಹೆಸರಾದ ಕಂಪನಿಗಳ ಮನೆಬಳಕೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಇದೇ. ಮುರುಮ, ಉಮರ್ಗಾ, ನಿಲಂಗಾ, ಉದಗೀರದ ಕಡೆ ಬೇಸಿಗೆ ಬಲಿತ ಮೇಲೆ ನೆರಳಿನಲ್ಲೇ ಈ 40 ದಾಟುವ ದಿನಗಳು ಬೇಕಾದಷ್ಟಿವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಎಂದರೆ ಮರಾಠವಾಡದವರು ಬೆರಗಾಗುವುದಿಲ್ಲ. ಅಂದರೆ ಸ್ವಿಚ್ ಹಾಕುವ ಮೊದಲೇ, ಒಂದು ಅಕ್ಷರವೂ ಡೌನ್‌ಲೋಡ್ ಆಗುವ ಮೊದಲೇ, ರೌಟರ್ ತನ್ನ ತಯಾರಕರು ಹಾಕಿದ ಗೆರೆಯ ಆಚೆ ನಿಂತಿರುತ್ತದೆ.

ಅದೇ ಹೊತ್ತಿನಲ್ಲಿ ಆಪಲೆ ಸರ್ಕಾರ್ ಸೇವಾ ಕೇಂದ್ರದಲ್ಲಿ ಹೊಲದ ಸಾತ್‌ಬಾರಾ ಉತಾರಕ್ಕೆ, ಜಾತಿ ಪ್ರಮಾಣಪತ್ರಕ್ಕೆ, ಕಾಲೇಜು ಪ್ರವೇಶದ ಅರ್ಜಿಗೆ ಜನ ಕೂತಿರುತ್ತಾರೆ. ಬೆಳಗ್ಗೆ ಸರಾಗವಾಗಿ ನಡೆದ ಕೆಲಸ ಎರಡು ಗಂಟೆಗೆ ನಿಲ್ಲುತ್ತದೆ. ‘ನೆಟ್ ಬರವಲ್ದು’ ಎನ್ನುವ ಮಾತು ಹೊರಡುತ್ತದೆ. ಬೈಗುಳ ಟವರ್‌ಗೆ, ಕಂಪನಿಗೆ, ರೀಚಾರ್ಜಿಗೆ ಹೋಗುತ್ತದೆ. ಅದರಲ್ಲಿ ಒಂದಷ್ಟು ನ್ಯಾಯವೂ ಇರಬಹುದು. ಆದರೆ ತಪ್ಪಿನ ದೊಡ್ಡ ಪಾಲು ಹಲವು ಸಲ ಮೇಜಿನ ಮೇಲಿನ ಡಬ್ಬಿಯಲ್ಲೇ ಇರುತ್ತದೆ. ಕೈಯಿಟ್ಟು ನೋಡಿದರೆ ಅದು ಸುಡುತ್ತಿರುತ್ತದೆ.

ರೌಟರ್‌ನೊಳಗಿನ ಮೋಡೆಮನ್ನು ತಂಪಾಗಿಡುವ ಸಾಮಾನುಗಳು ಇಂದು ಸಣ್ಣ ಪಟ್ಟಣಗಳಿಗೂ ಅಂಚೆಯಲ್ಲಿ ಬರುತ್ತವೆ. ಥರ್ಮಲ್ ಪ್ಯಾಡ್, ಹೀಟ್‌ಸಿಂಕ್, ಯುಎಸ್‌ಬಿ ಫ್ಯಾನ್ ಎಲ್ಲವೂ ಸಿಗುತ್ತವೆ. ಯಾವುದು ಯಾಕೆ ಬೇಕು, ಯಾವುದು ದಂಡ ಎಂಬುದು ಮಾತ್ರ ಡಬ್ಬದ ಮೇಲೆ ಬರೆದಿರುವುದಿಲ್ಲ. ಮಹಾರಾಷ್ಟ್ರ-ಕರ್ನಾಟಕ ಗಡಿಯ ಊರುಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಅಲ್ಲಿರುವುದಿಲ್ಲ. ಮೋಡೆಮ್ ಕಾಯುವುದಕ್ಕೂ ಟವರ್ ದೂರ ಇರುವುದಕ್ಕೂ ನೇರ ನಂಟಿದೆ. ಈ ನಂಟು ತಿಳಿದರೆ ದುಡ್ಡು ಎಲ್ಲಿ ಹಾಕಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಒಂದು ಡಬ್ಬಿ, ಎರಡು ಕೆಲಸ

ನಾವು ರೌಟರ್ ಎಂದು ಕರೆಯುವ ಪೆಟ್ಟಿಗೆಯಲ್ಲಿ ಎರಡು ಯಂತ್ರಗಳಿವೆ. ಮನೆಯೊಳಗಿನ ಮೊಬೈಲ್, ಲ್ಯಾಪ್‌ಟಾಪ್, ಟಿವಿಗಳಿಗೆ ವೈಫೈ ಹಂಚುವುದು ರೌಟರ್. ಹೊರಗಿನ ಟವರ್ ಜೊತೆ ಮಾತಾಡುವುದು ಮೋಡೆಮ್. ಸಿಮ್ ಹಾಕುವ 4ಜಿ, 5ಜಿ ರೌಟರ್‌ಗಳ ಹಲವು ಮಾದರಿಗಳಲ್ಲಿ ಈ ಮೋಡೆಮ್ ಒಂದು ಬೇರೆಯೇ ಸಣ್ಣ ಕಾರ್ಡ್. ಹಳೆಯ ಮಾದರಿಗಳಲ್ಲಿ ಅದು ಮಿನಿ ಪಿಸಿಐಇ ಆಕಾರದಲ್ಲಿ ಸುಮಾರು 30 ಮಿಲಿಮೀಟರ್ ಅಗಲ, 51 ಮಿಲಿಮೀಟರ್ ಉದ್ದ ಇರುತ್ತದೆ. ಹೊಸದರಲ್ಲಿ ಎಂ.2 ಎಂಬ ಆಕಾರ: 4ಜಿ ಕಾರ್ಡ್ 30x42 ಮಿಲಿಮೀಟರ್, 5ಜಿ ಕಾರ್ಡ್ 30x52 ಮಿಲಿಮೀಟರ್. ಚೀನಾದ ಕ್ವೆಕ್‌ಟೆಲ್, ಫೈಬೊಕಾಮ್, ಕೆನಡಾ ಮೂಲದ ಸಿಯೆರಾ ವೈರ್‌ಲೆಸ್ ಇವುಗಳನ್ನು ತಯಾರಿಸಿದ ಹೆಸರಾದ ಕಂಪನಿಗಳು.

ಎರಡು ಬೆರಳಿನಷ್ಟು ಅಗಲದ, ಎರಡೂವರೆ ಮಿಲಿಮೀಟರ್‌ಗೂ ಕಡಿಮೆ ದಪ್ಪದ ಈ ಎಂ.2 ಕಾರ್ಡ್‌ನಲ್ಲಿ ಸಂಕೇತ ಬಿಡಿಸುವ ಚಿಪ್, ಅಲೆ ಹೊರಡಿಸುವ ಆಂಪ್ಲಿಫೈಯರ್‌ಗಳು, ನೆನಪಿನ ಚಿಪ್ ಎಲ್ಲವೂ ತುಂಬಿವೆ. ಮೇಲೆ ತೆಳುವಾದ ಲೋಹದ ಮುಚ್ಚಳ. ಲ್ಯಾಪ್‌ಟಾಪ್‌ನಲ್ಲಿ ಇದೇ ಕಾರ್ಡ್ ಹಾಕಿದರೆ ಆಗಾಗ ಮಾತ್ರ ಕೆಲಸ. ರೌಟರ್‌ನಲ್ಲಿ ಹಾಕಿದರೆ ಹಗಲೂ ರಾತ್ರಿ ದುಡಿತ. ಅದೂ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಪಕ್ಕದಲ್ಲೇ ವೈಫೈ ಚಿಪ್ ಕಾಯುತ್ತಿರುವಾಗ.

ದೂರದ ಟವರಿಗೆ ಕೂಗುವ ದುಡಿತ

ಮೊಬೈಲ್ ಜಾಲದಲ್ಲಿ ಟವರ್ ಒಂದೇ ಮಾತಾಡುವುದಿಲ್ಲ. ಮೋಡೆಮ್ ಕೂಡ ಟವರ್‌ಗೆ ಉತ್ತರಿಸುತ್ತಲೇ ಇರಬೇಕು. ನೀವು ಬರೀ ವಿಡಿಯೊ ನೋಡುತ್ತಿದ್ದರೂ ‘ಬಂದದ್ದು ತಲುಪಿತು, ಮುಂದಿನದು ಕಳಿಸು’ ಎನ್ನುವ ಸಂದೇಶ ಕ್ಷಣಕ್ಷಣಕ್ಕೂ ಹೋಗುತ್ತಿರುತ್ತದೆ. ಕಾಗದ ಸ್ಕ್ಯಾನ್ ಮಾಡಿ ಕಳಿಸುವಾಗ, ವಿಡಿಯೊ ಕರೆ ಮಾಡುವಾಗ ಇನ್ನೂ ಹೆಚ್ಚು. ಹೊಲದ ಆ ತುದಿಯಲ್ಲಿ ನಿಂತವರಿಗೆ ಕೇಳಿಸಬೇಕಾದರೆ ದನಿ ಏರಿಸಲೇಬೇಕು. ಮೋಡೆಮ್‌ನ ಪಾಡೂ ಅದೇ. ಟವರ್ ಹತ್ತಿರ ಇದ್ದರೆ ಅದು ಮೆಲ್ಲಗೆ ಮಾತಾಡುತ್ತದೆ, ದೂರ ಇದ್ದರೆ ಗಂಟಲು ಹರಿಯುವಂತೆ ಕೂಗುತ್ತದೆ.

ಇದಕ್ಕೆ ಲೆಕ್ಕ ಇದೆ. ರೇಡಿಯೊ ಶಕ್ತಿಯನ್ನು ಡಿಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಡಿಬಿ ಎಂದರೆ ಎರಡು ಪಟ್ಟು, 10 ಡಿಬಿ ಎಂದರೆ ಹತ್ತು ಪಟ್ಟು, 30 ಡಿಬಿ ಎಂದರೆ ಸಾವಿರ ಪಟ್ಟು. ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಸಿಗ್ನಲ್ ಮೈನಸ್ 80 ಎಂದು ಕಂಡರೆ ಒಳ್ಳೆಯ ರೇಂಜ್, ಮೈನಸ್ 110 ಎಂದು ಕಂಡರೆ ಸೊರಗಿದ ರೇಂಜ್. ಇವೆರಡರ ನಡುವಿನ ಅಂತರ 30 ಡಿಬಿ. ಅಂದರೆ ಮೈನಸ್ 110 ಇರುವ ಮನೆಯ ಮೋಡೆಮ್ ಅಷ್ಟೇ ಸ್ಪಷ್ಟವಾಗಿ ಟವರ್‌ಗೆ ಮುಟ್ಟಬೇಕಾದರೆ ಸಾವಿರ ಪಟ್ಟು ಶಕ್ತಿ ಹೊರಡಿಸಬೇಕು. ಅಷ್ಟು ಅದರ ಕೈಲಿಲ್ಲ. 4ಜಿಯಲ್ಲಿ ಸಾಮಾನ್ಯ ಮೋಡೆಮ್‌ನ ಗರಿಷ್ಠ ಮಿತಿ 23 ಡಿಬಿಎಂ, ಅಂದರೆ 200 ಮಿಲಿವಾಟ್. 5ಜಿಯ ಕೆಲವು ತರಂಗಗಳಲ್ಲಿ 26 ಡಿಬಿಎಂ, ಅಂದರೆ 400 ಮಿಲಿವಾಟ್. ಆದ್ದರಿಂದ ದೂರದ ಮೋಡೆಮ್ ಗರಿಷ್ಠ ಮಿತಿಗೇ ಅಂಟಿಕೊಂಡು ದುಡಿಯುತ್ತದೆ.

ಹೊರಡುವ ಅಲೆ 200 ಮಿಲಿವಾಟ್ ಆದರೂ ಅದಕ್ಕೆ ಆಂಪ್ಲಿಫೈಯರ್ ನುಂಗುವ ವಿದ್ಯುತ್ತು ಅದರ ಹಲವು ಪಟ್ಟು. ನುಂಗಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಅಲೆಯಾಗುತ್ತದೆ, ಉಳಿದದ್ದೆಲ್ಲ ಶಾಖ. ಹೀಗಾಗಿ ಪೇಟೆಯ ಟವರ್ ಬುಡದಲ್ಲಿ ಬೆಚ್ಚಗಿರುವ ಅದೇ ಮಾದರಿಯ ರೌಟರ್ ಹೊಲದ ಮನೆಯಲ್ಲಿ ಸುಡುತ್ತದೆ. ಎರಡರಲ್ಲೂ ದೋಷವಿಲ್ಲ. ಒಂದಕ್ಕೆ ಕೆಲಸ ಹಗುರ, ಇನ್ನೊಂದಕ್ಕೆ ಭಾರ.

ಗಡಿಯಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಆಗ ಎಳೆದ ಗೆರೆಯೇ ಇಂದು ಮೊಬೈಲ್ ಸೇವೆಯ ಗೆರೆಯೂ ಹೌದು. ದೇಶವನ್ನು 22 ಟೆಲಿಕಾಂ ವಲಯಗಳಾಗಿ ಹಂಚಿದ್ದಾರೆ, ತರಂಗಗಳ ಹರಾಜೂ ವಲಯವಾರು. ಮುರುಮ ಮಹಾರಾಷ್ಟ್ರ ವಲಯದಲ್ಲಿ, ಪಕ್ಕದ ಆಳಂದ, ಬಸವಕಲ್ಯಾಣ ಕರ್ನಾಟಕ ವಲಯದಲ್ಲಿ. ಬಯಲು ಸೀಮೆಯಲ್ಲಿ ಅಲೆಗೆ ಈ ಗೆರೆ ಕಾಣುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಮಾತಾಡುವ ಈ ಸೀಮೆಯ ಮಕ್ಕಳ ಹಾಗೆ ಮೊಬೈಲ್ ಕೂಡ ಎರಡೂ ಕಡೆಯ ಟವರ್‌ಗಳನ್ನು ಕೇಳಿಸಿಕೊಳ್ಳುತ್ತದೆ. ಕೆಲವು ರೌಟರ್‌ಗಳಲ್ಲಿ ಡೇಟಾ ರೋಮಿಂಗ್ ಮೊದಲಿನಿಂದಲೇ ಆಫ್ ಆಗಿರುತ್ತದೆ. ಹತ್ತಿರದ, ಬಲವಾದ ಟವರ್ ಆಚೆ ವಲಯದ್ದಾದರೆ ಅಲ್ಲಿಂದ ಡೇಟಾ ಹರಿಯುವುದಿಲ್ಲ. ದೂರದ ತವರು ವಲಯದ ಟವರ್ ಹಿಡಿದರೆ ಮಾತ್ರ ಕೆಲಸ. ನಿಮ್ಮ ಪ್ಲ್ಯಾನ್‌ನಲ್ಲಿ ರೋಮಿಂಗ್ ಡೇಟಾಗೆ ಬೇರೆ ಹಣವಿಲ್ಲ ಎಂದು ಖಚಿತಪಡಿಸಿಕೊಂಡು ಆ ಸೆಟ್ಟಿಂಗ್ ಆನ್ ಮಾಡಿದರೆ ಮೋಡೆಮ್‌ನ ಭಾರ ಇಳಿಯಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ.

ಪತ್ರಾ ಮನೆಯ ಮಧ್ಯಾಹ್ನ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಲಾತೂರ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳ ಊರೂರನ್ನೇ ಕೆಡವಿತು. ಸುಮಾರು 10,000 ಜನ ತೀರಿಹೋದರು. ಔಸಾ, ಉಮರ್ಗಾ ತಾಲ್ಲೂಕಿನ ಹಳ್ಳಿಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಹೆಚ್ಚಿನವರ ಜೀವ ತೆಗೆದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಆ ಭಯ ಒಂದು ತಲೆಮಾರಿನ ಮನೆ ಕಟ್ಟುವ ರೀತಿಯನ್ನೇ ಬದಲಿಸಿತು. ಹಗುರವಾದ ತಗಡಿನ ಪತ್ರಾ ಶೆಡ್‌ಗಳು ಹೆಚ್ಚಿದವು. ಬಿದ್ದರೂ ಕೊಲ್ಲದ ಸೂರು ಎಂಬ ಧೈರ್ಯ ಅದರಲ್ಲಿತ್ತು, ಆ ಧೈರ್ಯಕ್ಕೆ ಬೆಲೆ ಇದೆ.

ಆದರೆ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಹಗಲಿನ ಬಿಸಿಲನ್ನು ಒಳಗೆ ಬಿಡಲು ತಾಸುಗಟ್ಟಲೆ ತಡ ಮಾಡುತ್ತಿದ್ದವು. ಪತ್ರಾ ಹಾಗಲ್ಲ. ಮೇ ತಿಂಗಳ ಬಿಸಿಲಿಗೆ ಅದರ ಮೈ 60 ಡಿಗ್ರಿ ದಾಟುತ್ತದೆ, ಆ ಶಾಖ ನೇರ ಕೆಳಗಿಳಿಯುತ್ತದೆ. ಬಿಸಿಗಾಳಿ ಮೇಲೇರಿ ಸೂರಿನ ಕೆಳಗೆ ಗುಡ್ಡೆಯಾಗುತ್ತದೆ. ರೇಂಜ್ ಸಿಗಲೆಂದು, ಮಕ್ಕಳ ಕೈಗೆ ಎಟುಕದಿರಲೆಂದು ನಾವು ರೌಟರ್ ಇಡುವುದೂ ಅಲ್ಲೇ: ಗೋಡೆಯ ತುತ್ತತುದಿಯ ಮೊಳೆಗೆ, ಕಪಾಟಿನ ನೆತ್ತಿಗೆ. ಕೋಣೆಯಲ್ಲಿ ಕೂತವರಿಗೆ 42 ಡಿಗ್ರಿ ಇದ್ದರೆ ಆ ಎತ್ತರದಲ್ಲಿ ರೌಟರ್‌ಗೆ ಅದಕ್ಕಿಂತ ಹೆಚ್ಚು. ಪೆಟ್ಟಿಗೆಯ ಒಳಗಿನ ಗಾಳಿ 50 ಮುಟ್ಟಿದರೆ ಅಚ್ಚರಿಯಿಲ್ಲ.

ಕಾದ ಮೋಡೆಮ್ ಏನು ಮಾಡುತ್ತದೆ

ಮೋಡೆಮ್ ಕಾರ್ಡ್‌ಗಳು ರೌಟರ್‌ಗಿಂತ ಗಟ್ಟಿ. ಕ್ವೆಕ್‌ಟೆಲ್‌ನ ಆರ್‌ಎಂ500ಕ್ಯೂ ಎಂಬ 5ಜಿ ಕಾರ್ಡ್‌ನ ಸಾಮಾನ್ಯ ಮಿತಿ 70 ಡಿಗ್ರಿ, ವಿಸ್ತರಿಸಿದ ಮಿತಿ 85. ಈ ಎರಡರ ನಡುವೆ ಅದು ನಡೆಯುತ್ತದೆ, ಆದರೆ ಪೂರ್ತಿ ಸಾಮರ್ಥ್ಯದ ಭರವಸೆ ಇರುವುದಿಲ್ಲ. ಮಿತಿ ಹತ್ತಿರವಾದಂತೆ ಮೋಡೆಮ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿಯುತ್ತದೆ. ಮೊದಲು ವೇಗ ಇಳಿಸುತ್ತದೆ. ಒಟ್ಟಿಗೆ ಹಿಡಿದಿದ್ದ ಎರಡು ಮೂರು ತರಂಗಗಳಲ್ಲಿ ಒಂದೊಂದನ್ನೇ ಬಿಡುತ್ತದೆ. 5ಜಿ ಬಿಟ್ಟು 4ಜಿಗೆ ಬರುತ್ತದೆ. ಕೂಗುವ ಶಕ್ತಿ ತಗ್ಗಿಸುತ್ತದೆ. ಟವರ್ ದೂರ ಇದ್ದರೆ ಆ ತಗ್ಗಿದ ದನಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಕೊನೆಗೆ ಸಂಪರ್ಕ ಕಡಿದುಕೊಳ್ಳುತ್ತದೆ. ಸ್ವಲ್ಪ ತಣ್ಣಗಾಗಿ ಮತ್ತೆ ಹತ್ತುತ್ತದೆ, ಮತ್ತೆ ಕಾಯುತ್ತದೆ. ಮಧ್ಯಾಹ್ನ ಬಂದು ಹೋಗಿ ಮಾಡುವ ನೆಟ್‌ಗೆ ಇದೂ ಒಂದು ಕಾರಣ.

5ಜಿಯ ಒಂದು ವಿಧಾನದಲ್ಲಿ ಮೋಡೆಮ್ 4ಜಿ ಮತ್ತು 5ಜಿ ಎರಡನ್ನೂ ಒಟ್ಟಿಗೆ ಹಿಡಿದಿರಬೇಕಾಗುತ್ತದೆ. ಅಲ್ಲಿ ಶಾಖವೂ ಹೆಚ್ಚು. 5ಜಿ ಸಿಗ್ನಲ್ ಸೊರಗಿದ ಊರಲ್ಲಿ ಬೇಸಿಗೆಯ ಮಧ್ಯಾಹ್ನದ ಮಟ್ಟಿಗೆ ರೌಟರನ್ನು ‘4ಜಿ ಮಾತ್ರ’ ಎಂಬ ಸೆಟ್ಟಿಂಗ್‌ನಲ್ಲಿ ಇಟ್ಟರೆ ವೇಗ ಸ್ವಲ್ಪ ಕಡಿಮೆಯಾದರೂ ಸಂಪರ್ಕ ಸ್ಥಿರವಾಗುವ ಸಾಧ್ಯತೆ ಹೆಚ್ಚು.

ಶಾಖದ ಇನ್ನೊಂದು ಹಾನಿ ಕೂಡಲೇ ಕಾಣದು. ರೌಟರ್ ಮತ್ತು ಅದರ ಅಡಾಪ್ಟರ್‌ನಲ್ಲಿ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗಿನ ದ್ರವ ಶಾಖಕ್ಕೆ ಆರುತ್ತ ಹೋಗುತ್ತದೆ. ಎಂಜಿನಿಯರುಗಳ ರೂಢಿಯ ಲೆಕ್ಕದಂತೆ ಪ್ರತಿ 10 ಡಿಗ್ರಿ ಇಳಿದರೆ ಕೆಪಾಸಿಟರ್‌ನ ಆಯುಷ್ಯ ಇಮ್ಮಡಿಯಾಗುತ್ತದೆ. 105 ಡಿಗ್ರಿಯಲ್ಲಿ 2,000 ತಾಸು ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ತಾಸು, ಅಂದರೆ ಎಡೆಬಿಡದೆ ನಡೆದರೆ ಮೂರೂವರೆ ವರ್ಷ ದಾಟಿ ಬಾಳುತ್ತದೆ. 55 ಡಿಗ್ರಿಯಲ್ಲಿ ಇಟ್ಟರೆ ಏಳು ವರ್ಷಕ್ಕೂ ಮೇಲೆ. ಹತ್ತು ಡಿಗ್ರಿ ತಂಪು ಎಂದರೆ ಇನ್ನೊಂದು ರೌಟರ್ ಕೊಳ್ಳುವ ಹಣ ಉಳಿದಂತೆ.

ಪ್ಯಾಡ್: ಶಾಖಕ್ಕೆ ದಾರಿ

ತಂಪು ಮಾಡುವುದು ಎಂದರೆ ಶಾಖಕ್ಕೆ ಹೊರಗೆ ಹೋಗಲು ದಾರಿ ಮಾಡುವುದು. ಚಿಪ್‌ನಿಂದ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಹೀಟ್‌ಸಿಂಕ್‌ಗೆ, ಅಲ್ಲಿಂದ ಗಾಳಿಗೆ. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿ ಬಿಡಿಸಬೇಕು.

ದೊಡ್ಡ ಅಡ್ಡಿ ಲೋಹ ಲೋಹದ ನಡುವೆ ಉಳಿಯುವ ಗಾಳಿ. ಅಲ್ಯುಮಿನಿಯಮ್‌ನ ಶಾಖವಾಹಕತೆ (ವಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) 200ಕ್ಕೂ ಮೇಲೆ, ತಾಮ್ರದ್ದು 400ರ ಹತ್ತಿರ, ನಿಂತ ಗಾಳಿಯದು ಬರೀ 0.026. ಮೋಡೆಮ್ ಕಾರ್ಡ್ 3 ವಾಟ್ ಶಾಖ ಬಿಡುತ್ತಿದೆ ಎಂದಿಟ್ಟುಕೊಳ್ಳಿ. 30x42 ಮಿಲಿಮೀಟರ್‌ನ ಆ ಮೈಗೂ ಮೇಲಿನ ಹೀಟ್‌ಸಿಂಕ್‌ಗೂ ನಡುವೆ ಒಂದೇ ಮಿಲಿಮೀಟರ್ ಗಾಳಿ ಉಳಿದು, ಶಾಖವೆಲ್ಲ ಅಲ್ಲಿಂದಲೇ ದಾಟಬೇಕಾದರೆ ಎರಡು ಬದಿಗಳ ನಡುವೆ 90 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬೇಕಾಗುತ್ತದೆ. ಅದೇ ಜಾಗದಲ್ಲಿ ಒಂದು ಮಿಲಿಮೀಟರ್‌ನ, 6ರ ವಾಹಕತೆಯ ಮೆತ್ತನೆಯ ಥರ್ಮಲ್ ಪ್ಯಾಡ್ ಇಟ್ಟರೆ ಅರ್ಧ ಡಿಗ್ರಿಯೂ ಬೇಡ.

ಈ ಲೆಕ್ಕದಿಂದ ಕೊಳ್ಳುವವರಿಗೆ ಒಂದು ತಿಳಿವಳಿಕೆ ಬರುತ್ತದೆ. 3ರ ಪ್ಯಾಡ್ ಅಗ್ಗ, 12ರದು ದುಬಾರಿ. ಆದರೆ ಮೋಡೆಮ್‌ನ 3 ವಾಟ್‌ಗೆ 3ರ ಪ್ಯಾಡ್‌ನಲ್ಲೂ ಆಗುವ ನಷ್ಟ ಒಂದು ಡಿಗ್ರಿಗಿಂತ ಕಡಿಮೆ. ದುಬಾರಿ ಅಂಕಿಗೆ ಹಣ ಕೊಡುವ ಬದಲು ಸರಿಯಾದ ದಪ್ಪದ ಪ್ಯಾಡ್ ಆರಿಸಬೇಕು. ಪ್ಯಾಡ್‌ಗಳು ಅರ್ಧ, ಒಂದು, ಒಂದೂವರೆ, ಎರಡು ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತವೆ. ತೆಳುವಾದರೆ ಗಾಳಿ ಉಳಿಯುತ್ತದೆ, ದಪ್ಪವಾದರೆ ಸ್ಕ್ರೂ ಬಿಗಿಯುವಾಗ ಕಾರ್ಡ್ ಬಾಗುತ್ತದೆ. ಕಾರ್ಡ್‌ನ ತಳಕ್ಕೂ ರೌಟರ್‌ನ ಬೋರ್ಡಿಗೂ ನಡುವಿನ ಸಂದಿಯಲ್ಲಿ ಪ್ಯಾಡ್ ಇಡುವುದು ಹಲವರು ಮರೆಯುವ ಕೆಲಸ. ಶಾಖ ಮೇಲಕ್ಕೆ ಮಾತ್ರವಲ್ಲ ಕೆಳಕ್ಕೂ ಹೋಗುತ್ತದೆ, ಬೋರ್ಡಿನ ತಾಮ್ರದ ಪದರ ಅದನ್ನು ಹರಡುತ್ತದೆ. ಇಲ್ಲಿ ಥರ್ಮಲ್ ಪೇಸ್ಟ್ ಬೇಡ. ಅದು ಹತ್ತಿರ ಕೂಡುವ ನುಣುಪು ಮೈಗಳಿಗೆ ಸರಿ, ಮಿಲಿಮೀಟರ್ ಸಂದಿ ತುಂಬಲು ಆಗದು.

ಹೀಟ್‌ಸಿಂಕ್ ಮತ್ತು ಫ್ಯಾನ್

ಕಾರ್ಡ್‌ನ ಮೈ ಬರೀ 12.6 ಚದರ ಸೆಂಟಿಮೀಟರ್. ನಿಂತ ಗಾಳಿಗೆ ಅಷ್ಟು ಸಣ್ಣ ಮೈಯಿಂದ 3 ವಾಟ್ ಒಯ್ಯಲು ಬರುವುದಿಲ್ಲ. ಹೀಟ್‌ಸಿಂಕ್‌ನ ರೆಕ್ಕೆಗಳು ಆ ಮೈಯನ್ನು ಹಿಗ್ಗಿಸುತ್ತವೆ. ಎಲ್ಲ ರೆಕ್ಕೆ ಸೇರಿ 100 ಚದರ ಸೆಂಟಿಮೀಟರ್ ಆದರೆ, ಅಂದಾಜು ಲೆಕ್ಕದಲ್ಲಿ, ಅದು ಸುತ್ತಲಿನ ಗಾಳಿಗಿಂತ 30 ಡಿಗ್ರಿ ಹೆಚ್ಚು ಬಿಸಿಯಾಗಿ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ 50 ಇದ್ದರೆ ಹೀಟ್‌ಸಿಂಕ್ 80. ಹೀಟ್‌ಸಿಂಕ್ ಇದ್ದೂ ಮರಾಠವಾಡದ ಮೇ ತಿಂಗಳಲ್ಲಿ ಸಾಲದು ಎಂದಾಯಿತು. ಗಾಳಿ ಆಡುವಂತೆ ಮಾಡಿದರೆ ಚಿತ್ರ ಬದಲಾಗುತ್ತದೆ. ಸಣ್ಣ ಫ್ಯಾನ್ ಕೂಡ ಶಾಖ ಒಯ್ಯುವ ವೇಗವನ್ನು ಸುಮಾರು ಮೂರು ಪಟ್ಟು ಮಾಡಬಲ್ಲದು. ಆಗ ಏರಿಕೆ 30ರ ಬದಲು 10 ಡಿಗ್ರಿ, ಹೀಟ್‌ಸಿಂಕ್ 60ರಲ್ಲಿ ನಿಲ್ಲುತ್ತದೆ. ಎಪ್ಪತ್ತರ ಗೆರೆಯ ಈಚೆಗೆ.

ಕೊಳ್ಳುವಾಗ ಅಳತೆ ನೋಡಬೇಕು. ಅಂಗಡಿಯಲ್ಲಿ ‘ಎಂ.2 ಹೀಟ್‌ಸಿಂಕ್’ ಎಂದು ಸಿಗುವುದರಲ್ಲಿ ಹೆಚ್ಚಿನವು ಕಂಪ್ಯೂಟರಿನ ಎಸ್‌ಎಸ್‌ಡಿಗೆ ಮಾಡಿದ 22 ಮಿಲಿಮೀಟರ್ ಅಗಲದವು. ಮೋಡೆಮ್‌ನ 30 ಮಿಲಿಮೀಟರ್ ಮೈಗೆ ಅವು ಪೂರ್ತಿ ಕೂಡುವುದಿಲ್ಲ. ಪೆಟ್ಟಿಗೆಯಲ್ಲಿ ಜಾಗ ಇದ್ದರೆ 40x40 ಮಿಲಿಮೀಟರ್‌ನ ಅಲ್ಯುಮಿನಿಯಮ್ ತುಂಡು ಒಳ್ಳೆಯದು. ಪೆಟ್ಟಿಗೆಯನ್ನು ಗೋಡೆಗೆ ನಿಲ್ಲಿಸಿದ್ದರೆ ರೆಕ್ಕೆಗಳ ಸಾಲು ಕೆಳಗಿಂದ ಮೇಲಕ್ಕೆ ಇರಬೇಕು. ಬಿಸಿಗಾಳಿ ಮೇಲೇರುವ ದಾರಿ ಅದು. ಅಂಟಿನ ಥರ್ಮಲ್ ಟೇಪ್ ನೆಚ್ಚಿ ಭಾರದ ಲೋಹ ತೂಗುಹಾಕಿದರೆ ಬಿಸಿಗೆ ಅಂಟು ಸಡಿಲಾಗಿ ಅದು ಬೋರ್ಡಿನ ಮೇಲೆ ಬೀಳಬಹುದು. ಸಣ್ಣ ಕ್ಲಿಪ್ ಅಥವಾ ಸ್ಕ್ರೂ ಇದ್ದರೆ ನೆಮ್ಮದಿ. ರೌಟರ್‌ನ ಆಂಟೆನಾ ಒಳಗೇ ಇದ್ದರೆ ಅದರ ಹತ್ತಿರ ಲೋಹ ಸುಳಿಯಬಾರದು, ರೇಂಜ್ ಕೆಡುತ್ತದೆ.

40 ಮಿಲಿಮೀಟರ್‌ನ 5 ವೋಲ್ಟ್ ಫ್ಯಾನ್ ಒಂದು ವಾಟ್‌ನ ಆಸುಪಾಸು ವಿದ್ಯುತ್ತು ತಿನ್ನುತ್ತದೆ. ರೌಟರ್‌ನ ಹಿಂದೆ ಯುಎಸ್‌ಬಿ ರಂಧ್ರ ಇದ್ದರೆ ಅಲ್ಲಿಂದಲೇ ಫ್ಯಾನ್‌ಗೆ ವಿದ್ಯುತ್ತು ಸಿಗುತ್ತದೆ. ಪೆಟ್ಟಿಗೆ ಬಿಚ್ಚಲು ಮನಸ್ಸಿಲ್ಲದವರಿಗೆ 120 ಮಿಲಿಮೀಟರ್‌ನ ಯುಎಸ್‌ಬಿ ಫ್ಯಾನ್ ಇದೆ. ರೌಟರನ್ನು ಅದರ ಮೇಲೆ ಕಾಲು ಕೊಟ್ಟು ನಿಲ್ಲಿಸಿ ತಳದ ಕಿಂಡಿಗಳಿಗೆ ಗಾಳಿ ಊದಿಸಿದರೆ ಸಾಕು. ದೊಡ್ಡ ಫ್ಯಾನ್ ನಿಧಾನ ತಿರುಗಿ ಹೆಚ್ಚು ಗಾಳಿ ಕೊಡುತ್ತದೆ, ಸದ್ದೂ ಕಡಿಮೆ.

ನಮ್ಮ ಸೀಮೆಯಲ್ಲಿ ಫ್ಯಾನ್‌ನ ಶತ್ರು ಧೂಳು. ಸೋಯಾಬೀನ್ ರಾಶಿಯ ಹೊತ್ತು, ತೊಗರಿ ರಾಶಿಯ ಹೊತ್ತು, ಬೇಸಿಗೆಯ ಸುಳಿಗಾಳಿ, ಮೂರೂ ರೌಟರ್‌ಗೆ ಧೂಳು ತರುತ್ತವೆ. ರೆಕ್ಕೆಗಳ ನಡುವೆ ಧೂಳು ಕೂತರೆ ಹೀಟ್‌ಸಿಂಕ್ ಇದ್ದೂ ಇಲ್ಲದಂತೆ. ಬಾಲ್ ಬೇರಿಂಗ್ ಇರುವ ಫ್ಯಾನ್ ಕೊಳ್ಳಿ. ಅಗ್ಗದ ಸ್ಲೀವ್ ಬೇರಿಂಗ್‌ನ ಎಣ್ಣೆ ಬಿಸಿಗೆ ಬೇಗ ಆರುತ್ತದೆ. ರಾಶಿ ಮುಗಿದ ಮೇಲೊಮ್ಮೆ, ಹೋಳಿಯ ಹೊತ್ತಿಗೊಮ್ಮೆ ಮೆತ್ತನೆಯ ಬ್ರಷ್‌ನಿಂದ ಜಾಡಿಸುವುದು ರೂಢಿಯಾಗಬೇಕು.

ಮೇಲೇರಿಸಿದ ಆಂಟೆನಾ

ಈಗ ಮೊದಲಿನ ನಂಟಿಗೆ ಬರೋಣ. ಮೋಡೆಮ್ ಕೂಗುವುದರಿಂದ ಕಾಯುತ್ತದೆ ಎಂದಾದರೆ ಕೂಗುವ ಅಗತ್ಯವನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ದೊಡ್ಡ ತಂಪು. ಟವರ್ ಕಡೆ ಮುಖ ಮಾಡಿ ಮೇಲೇರಿಸಿದ ಆಂಟೆನಾ ಸಿಗ್ನಲನ್ನು 6 ಡಿಬಿ ಹೆಚ್ಚಿಸಿದರೆ ಅದೇ ಮಾತಿಗೆ ಕಾಲು ಭಾಗ ಶಕ್ತಿ ಸಾಕು. ಆಂಟೆನಾವನ್ನು ಯಾರೂ ತಂಪಿನ ಸಾಮಾನು ಎಂದು ಮಾರುವುದಿಲ್ಲ. ಗಡಿಯ ಹಳ್ಳಿಗಳ ಮಟ್ಟಿಗೆ ಅದೇ ಮೊದಲನೆಯದು.

ಅದರಲ್ಲೂ ಎಚ್ಚರ ಬೇಕು. ತೆಳುವಾದ ಕೇಬಲನ್ನು ಹತ್ತು ಮೀಟರ್ ಎಳೆದರೆ ಆಂಟೆನಾ ಗಳಿಸಿದ್ದನ್ನೆಲ್ಲ ಕೇಬಲ್ಲೇ ತಿನ್ನುತ್ತದೆ. ದಪ್ಪ ಕೇಬಲ್ ಬೇಕು, ಉದ್ದ ಆದಷ್ಟು ಕಡಿಮೆ ಇರಬೇಕು. ಮೃಗಶಿರಾ ಮಳೆಗೆ ಮುಂಚಿನ ಸಿಡಿಲು ಮರಾಠವಾಡದಲ್ಲಿ ಪ್ರತಿವರ್ಷ ಜೀವ ತೆಗೆಯುತ್ತದೆ. ಸೂರಿನ ಮೇಲೆ ಲೋಹ ಏರಿಸಿದ ಮೇಲೆ ಸರಿಯಾದ ಅರ್ಥಿಂಗ್ ಮತ್ತು ಸಿಡಿಲು ತಡೆ ಇರಲೇಬೇಕು. ಗುಡುಗು ಕೇಳಿಸುವ ಮೊದಲೇ, ಮೋಡ ಕವಿದಾಗಲೇ ಕೇಬಲ್ ಬಿಚ್ಚಿಡಬೇಕು. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬಾರದು.

ಕೇಬಲ್‌ನ ನಷ್ಟ ತಪ್ಪಿಸಲು ಮೋಡೆಮನ್ನೇ ಆಂಟೆನಾ ಜೊತೆ ಹೊರಗಿನ ಪೆಟ್ಟಿಗೆಯಲ್ಲಿ ಕೂರಿಸುವ ಪದ್ಧತಿಯೂ ಇದೆ. ಜಿಯೊ 2023ರ ಸೆಪ್ಟೆಂಬರ್ 19ರಂದು ದೊಡ್ಡ ನಗರಗಳಲ್ಲಿ ಶುರುಮಾಡಿದ ಏರ್‌ಫೈಬರ್ ಸೇವೆಯಲ್ಲಿ ಹೊರಗೋಡೆಗೆ ಕೂರಿಸುವುದು ಇಂಥದ್ದೇ ಪೆಟ್ಟಿಗೆ. ಇಲ್ಲಿ ಹೊಸ ಲೆಕ್ಕ ಹುಟ್ಟುತ್ತದೆ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಸುರಿಯುತ್ತದೆ. 20 ಸೆಂಟಿಮೀಟರ್ ಚೌಕದ ಪೆಟ್ಟಿಗೆಯ ಮೇಲೆ ಅದು 40 ವಾಟ್. ಒಳಗಿನ ಮೋಡೆಮ್ ಹುಟ್ಟಿಸುವ ಶಾಖ ಅದರ ಹತ್ತನೇ ಒಂದು ಪಾಲೂ ಇಲ್ಲದಿರಬಹುದು. ಬಿಸಿಲಿಗೆ ಬಿಟ್ಟ ಪೆಟ್ಟಿಗೆಗೆ ಒಳಗೆ ಎಷ್ಟು ಹೀಟ್‌ಸಿಂಕ್ ಹಾಕಿದರೂ ವ್ಯರ್ಥ. ಬಿಳಿ ಪೆಟ್ಟಿಗೆ ಆರಿಸಿ, ಉತ್ತರದ ಗೋಡೆಗೆ ಅಥವಾ ಚಜ್ಜಾದ ಕೆಳಗೆ ಕೂರಿಸಿ. ಬೇರೆ ಜಾಗ ಇಲ್ಲದಿದ್ದರೆ ಆಂಟೆನಾದ ಮುಖ ಬಿಟ್ಟು ಮೇಲೆ ನಾಲ್ಕು ಬೆರಳು ಅಂತರದಲ್ಲಿ ನೆರಳಿನ ಹಲಗೆ ಕಟ್ಟಿ. ಸೇವೆ ಕೊಡುವವರು ಬಂದು ಕೂರಿಸುವಾಗಲೇ ಈ ಜಾಗ ತೋರಿಸಿ ಕೇಳಿಕೊಳ್ಳಬೇಕು.

ಮಾಡಬಾರದ ಕೆಲವು ಕೆಲಸ

ರೌಟರ್‌ಗೆ ಒದ್ದೆ ಬಟ್ಟೆ ಹೊದಿಸಬಾರದು, ಐಸ್ ಇಡಬಾರದು. ನೀರಿನ ಕೂಲರ್‌ನ ನೇರ ಗಾಳಿಗೂ ಇಡಬಾರದು. ಬೋರ್‌ವೆಲ್ ನೀರಿನ ಉಪ್ಪು ಹೊತ್ತ ತೇವ ಬೋರ್ಡಿನ ಮೇಲೆ ಕೂತು ತಾಮ್ರವನ್ನು ತಿನ್ನುತ್ತದೆ. ಮೊಬೈಲ್ ತಂಪು ಮಾಡಲು ಮಾರುವ ಪೆಲ್ಟಿಯರ್ ಕೂಲರ್ ಇಲ್ಲಿ ಸಲ್ಲದು. ಮಳೆಗಾಲದಲ್ಲಿ ಅದರ ತಣ್ಣನೆಯ ಮೈಯಲ್ಲಿ ನೀರು ಹನಿಗಟ್ಟುತ್ತದೆ, ಅದು ಒಯ್ಯುವ ಶಾಖಕ್ಕಿಂತ ತಾನು ಹುಟ್ಟಿಸುವುದೇ ಹೆಚ್ಚಾಗಬಹುದು. ಕಸೂತಿ ಬಟ್ಟೆ ಹೊದಿಸುವುದು, ಇನ್ವರ್ಟರ್ ಅಥವಾ ಸೆಟ್‌ಟಾಪ್ ಬಾಕ್ಸ್ ಮೇಲೆ ಕೂರಿಸುವುದು ಬೇಡ. ಲೈಟ್ ಹೋದಾಗಿನ ಸಲುವಾಗಿ ಇಡುವ ಮಿನಿ ಯುಪಿಎಸ್‌ನಲ್ಲಿ ಲಿಥಿಯಂ ಬ್ಯಾಟರಿ ಇದೆ. ಅದನ್ನು ಬಿಸಿ ರೌಟರ್‌ನ ಕೆಳಗೆ ಒತ್ತಿ ಇಟ್ಟರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ, ಅಪಾಯವೂ ಹೌದು.

ಸೇವೆ ಕೊಡುವ ಕಂಪನಿಯ ಪೆಟ್ಟಿಗೆ ನಿಮ್ಮ ಸ್ವತ್ತಲ್ಲ, ಅದನ್ನು ಬಿಚ್ಚಬೇಡಿ. ಸ್ವಂತದ್ದಾದರೂ ಬಿಚ್ಚಿದರೆ ವಾರಂಟಿ ಹೋಗಬಹುದು. ಕಾರ್ಡ್‌ಗೆ ಚುಚ್ಚಿದ ಆಂಟೆನಾ ತಂತಿಗಳ ತುದಿ ಕಡಲೆಕಾಳಿಗಿಂತ ಸಣ್ಣದು, ಹತ್ತಾರು ಸಲಕ್ಕಿಂತ ಹೆಚ್ಚು ಬಿಚ್ಚಿ ಹಾಕಲು ಮಾಡಿದ್ದಲ್ಲ. ಮೊಬೈಲ್ ರಿಪೇರಿ ಮಾಡುವವರ ಕೈಯಲ್ಲಿ ಈ ಕೆಲಸ ಕೊಡುವುದು ಜಾಣತನ. ಅವರಿಗೆ ಪ್ಯಾಡ್, ಚಿಮಟ, ಸ್ಕ್ರೂಗಳ ಅಭ್ಯಾಸ ಇರುತ್ತದೆ.

ಅಳೆದು ನೋಡಿ

ತಂಪಾಯಿತೇ ಇಲ್ಲವೇ ಎಂದು ಊಹಿಸುವ ಅಗತ್ಯವಿಲ್ಲ. ಬಹಳಷ್ಟು ಮೋಡೆಮ್ ಕಾರ್ಡ್‌ಗಳು ತಮ್ಮ ತಾಪಮಾನವನ್ನು ತಾವೇ ಹೇಳುತ್ತವೆ. ಕ್ವೆಕ್‌ಟೆಲ್ ಕಾರ್ಡ್‌ಗೆ ‘ಎಟಿ+ಕ್ಯೂಟೆಂಪ್’ ಎಂಬ ಆದೇಶ ಕೊಟ್ಟರೆ ಡಿಗ್ರಿಗಳಲ್ಲಿ ಉತ್ತರ ಬರುತ್ತದೆ. ಎಟಿ ಎಂದು ಶುರುವಾಗುವ ಈ ಆದೇಶಗಳು 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ತಂದ ಸ್ಮಾರ್ಟ್‌ಮೋಡೆಮ್‌ನಿಂದ ಬಂದವು. ಟೆಲಿಫೋನ್ ತಂತಿಯ ಕಾಲದ ಪದ್ಧತಿ 5ಜಿಯಲ್ಲೂ ನಡೆಯುತ್ತಿದೆ. ಆ ಸೌಲಭ್ಯ ಇಲ್ಲದ ರೌಟರ್ ಆದರೆ ನಸುಕಿನ ಐದು ಗಂಟೆಯ ವೇಗವನ್ನೂ ಮಧ್ಯಾಹ್ನ ಎರಡರ ವೇಗವನ್ನೂ ಕೆಲವು ದಿನ ಬರೆದಿಡಿ. ಆಮೇಲೆ ಮಧ್ಯಾಹ್ನ ಅದೇ ರೌಟರ್‌ಗೆ ಟೇಬಲ್ ಫ್ಯಾನ್ ತಿರುಗಿಸಿ ಕಾಲು ತಾಸು ಬಿಟ್ಟು ಮತ್ತೆ ಅಳೆಯಿರಿ. ವೇಗ ಏರಿದರೆ ತೊಂದರೆ ಶಾಖದ್ದು. ಏರದಿದ್ದರೆ ಟವರ್‌ನಲ್ಲಿ ಜನಸಂದಣಿ ಇರಬಹುದು, ಹೀಟ್‌ಸಿಂಕ್‌ಗೆ ಹಣ ಹಾಕುವುದು ದಂಡ.

ಶಾಖದ್ದೇ ಎಂದು ತಿಳಿದ ಮೇಲೆ ಖರ್ಚಿನ ಕ್ರಮ ಹೀಗಿರಲಿ. ಮೊದಲು ಜಾಗ ಬದಲಿಸಿ: ಪತ್ರಾದಿಂದ ಕೆಳಗೆ, ಕಲ್ಲಿನ ಅಥವಾ ಒಳಗಿನ ಗೋಡೆಗೆ, ಕಿಟಕಿಯ ಎತ್ತರಕ್ಕೆ. ಎರಡನೆಯದು ಸೆಟ್ಟಿಂಗ್: ರೋಮಿಂಗ್, ‘4ಜಿ ಮಾತ್ರ’. ಮೂರನೆಯದು ಆಂಟೆನಾ. ನಾಲ್ಕನೆಯದು ಪ್ಯಾಡ್ ಮತ್ತು ಹೀಟ್‌ಸಿಂಕ್. ಅಷ್ಟಾದರೂ ಸಾಲದಿದ್ದರೆ ಫ್ಯಾನ್. ಮೊದಲೆರಡಕ್ಕೆ ಹಣವೇ ಬೇಡ. ಮನೆ ಬಾಗಿಲಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿಕೊಳ್ಳಿ, ದೂರದ ಟವರ್‌ಗೆ ಕೂಗುವ ಕೆಲಸವೇ ಇರುವುದಿಲ್ಲ.

ಆದರೆ ಭಾರವನ್ನೆಲ್ಲ ಕೊಳ್ಳುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಿಸಿ ತಡೆಯುವ ಪೆಟ್ಟಿಗೆ ಮಾಡಲು ಬರುವುದಿಲ್ಲ ಎಂದೇನೂ ಇಲ್ಲ. ಲಿಥುವೇನಿಯಾದ ಟೆಲ್ಟೊನಿಕಾ ಕಾರ್ಖಾನೆ ಕೆಲಸಕ್ಕೆಂದು ಮಾಡಿದ ಆರ್‌ಯುಟಿ240 ಎಂಬ 4ಜಿ ರೌಟರ್‌ನ ಮಿತಿ ಮೈನಸ್ 40ರಿಂದ 75 ಡಿಗ್ರಿ. ಮನೆಬಳಕೆಯ ಪೆಟ್ಟಿಗೆಗೆ ಅಷ್ಟು ಬೇಡ, 50 ಸಾಕು. ಒಳಗೊಂದು ಅಲ್ಯುಮಿನಿಯಮ್ ತಗಡು, ಎರಡು ಪ್ಯಾಡ್, ಮೇಲೆ ಕೆಳಗೆ ಸರಿಯಾದ ಕಿಂಡಿ, ಇಷ್ಟರಿಂದಲೇ ಬಹಳ ಆಗುತ್ತದೆ. ಈ ದೇಶದಲ್ಲಿ ಮಾರುವ ರೌಟರ್‌ಗಳ ಡಬ್ಬದ ಮೇಲೆ ತಾಪಮಾನದ ಮಿತಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು. ಸೀಲಿಂಗ್ ಫ್ಯಾನ್, ಫ್ರಿಜ್ ಕೊಳ್ಳುವಾಗ ನಕ್ಷತ್ರ ನೋಡುವ ಗಿರಾಕಿ ರೌಟರ್ ಕೊಳ್ಳುವಾಗ ಈ ಅಂಕಿ ನೋಡಿ ಆರಿಸಲಿ. ಉಮರ್ಗಾ ಬಾಜಾರಿನಲ್ಲಿ ಹತ್ತು ಜನ ‘ಇದು ಎಷ್ಟು ಡಿಗ್ರಿ ತಡೀತದ?’ ಎಂದು ಕೇಳತೊಡಗಿದರೆ ಅಂಗಡಿಯವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ, ಅವರು ಕಂಪನಿಯನ್ನು ಕೇಳುತ್ತಾರೆ. ಮುಂದಿನ ಬೇಸಿಗೆಗೆ ಮುಂಚೆ ಆ ಪ್ರಶ್ನೆ ಕೇಳಲು ತೊಡಗೋಣ.